ಮಕ್ಕಳಲ್ಲಿ ಯುರಾಕಸ್ ದೋಷಗಳು

ಗರ್ಭಸ್ಥ ಶಿಶುವಿನ ಮೂತ್ರಕೋಶದ ತುದಿಯನ್ನು ಹೊಕ್ಕುಳಿಗೆ ಜೋಡಿಸುವ ನಾಳ ಯುರಾಕಸ್. ಸಾಮಾನ್ಯವಾಗಿ ಜನನಕ್ಕೆ ಮೊದಲೇ ಮುಚ್ಚಿಕೊಂಡು ನಾರೆಳೆಯಾಗುತ್ತದೆ. ಪೂರ್ತಿ ತೆರೆದುಳಿದರೆ ಹೊಕ್ಕುಳಿನಿಂದ ಮೂತ್ರ ಜಿನುಗುತ್ತದೆ. ನಡುಭಾಗವಷ್ಟೇ ಉಳಿದರೆ ಸಿಸ್ಟ್, ಹೊಕ್ಕುಳಿನ ಕಡೆ ಉಳಿದರೆ ಸೈನಸ್, ಮೂತ್ರಕೋಶದ ಕಡೆಯಾದರೆ ಚೀಲದಂಥ ಉಬ್ಬು.

ಹೊಕ್ಕುಳಬಳ್ಳಿ ಬಿದ್ದು ವಾರಗಳಾದರೂ ಒಣಗದ ಹೊಕ್ಕುಳಿಗೆ ಬರೀ ಗ್ರ್ಯಾನ್ಯುಲೋಮಾ (ಸಣ್ಣ ಮಾಂಸದ ಗಂಟು) ಎಂದುಕೊಂಡು ಸಿಲ್ವರ್ ನೈಟ್ರೇಟ್ ಹಚ್ಚುತ್ತಲೇ ಹೋಗುವುದು ತರವಲ್ಲ. ಕರುಳಿಗೆ ಸಂಬಂಧಿಸಿದ ವಿಟೆಲೈನ್ ನಾಳದ ಅವಶೇಷವೂ ಹೀಗೆಯೇ ಒಸರಬಹುದು. ಮೊದಲ ಪರೀಕ್ಷೆ ಅಲ್ಟ್ರಾಸೌಂಡ್. ಯುರಾಕಸ್ ತೆರೆದಿರುವ ಗಂಡುಮಗುವಿನಲ್ಲಿ ಮೂತ್ರದ್ವಾರನಾಳದ ಕವಾಟಗಳ ಅಡಚಣೆಯಿದೆಯೇ ಎಂದು ಮೂತ್ರಕೋಶಕ್ಕೆ ಕಾಂಟ್ರಾಸ್ಟ್ ದ್ರವ ತುಂಬಿ ಎಕ್ಸ್‌ರೇ ತೆಗೆಯುವುದುಂಟು.

ಸಿಸ್ಟ್ ಹಲವೊಮ್ಮೆ ಸೋಂಕು ತಗಲಿದ ಮೇಲೆಯೇ ಬಯಲಾಗುತ್ತದೆ: ಜ್ವರ, ಹೊಕ್ಕುಳಿನ ಕೆಳಗೆ ನೋವು, ಕೆಂಪು. ಅಪೆಂಡಿಸೈಟಿಸ್ ಎಂಬ ತಪ್ಪುತಿಳಿವಿಗೂ ಆಸ್ಪದವಿದೆ. ಆಂಟಿಬಯೋಟಿಕ್ ಕೊಟ್ಟು, ಬೇಕಾದರೆ ಕೀವು ಹೊರತೆಗೆದು, ಸೋಂಕು ಇಳಿದ ಬಳಿಕ ಅವಶೇಷವನ್ನು ಪೂರ್ತಿ ಕತ್ತರಿಸುತ್ತಾರೆ. ಅದು ಸೇರುವಲ್ಲಿ ಮೂತ್ರಕೋಶದ ಸಣ್ಣ ಅಂಚನ್ನೂ ತೆಗೆಯುವುದುಂಟು. ಲ್ಯಾಪರೋಸ್ಕೋಪಿಯಿಂದಲೂ ಸಾಧ್ಯ.

ತೊಂದರೆ ಕೊಡದ ಅವಶೇಷ 6 ತಿಂಗಳೊಳಗಿನ ಕೂಸಿನಲ್ಲಿ ಹಲವೊಮ್ಮೆ ತಾನಾಗಿ ಮುಚ್ಚುತ್ತದೆ. ಅಲ್ಲಿ ಕತ್ತರಿಗಿಂತ ಕಾಯುವಿಕೆ ಜಾಣತನ. ದೊಡ್ಡವರಾದ ಮೇಲೆ ಕ್ಯಾನ್ಸರ್ ಬಂದೀತೆಂಬ ಭಯದಿಂದ ಎಲ್ಲರಿಗೂ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ವಾದವುಂಟು, ಆದರೆ ಆ ಕ್ಯಾನ್ಸರ್ ಬಹು ವಿರಳ.