ಯೆಹೂದ್ಯರ ಪಶ್ಚಾತ್ತಾಪ: ನಾಳೆಗೆ ಬಿಡಬಾರದ ಕೆಲಸ

ಪಶ್ಚಾತ್ತಾಪಕ್ಕೆ ಯೆಹೂದ್ಯರು ಹೀಬ್ರೂ ಭಾಷೆಯಲ್ಲಿ 'ತೆಶುವಾ' ಎನ್ನುತ್ತಾರೆ. ಈ ಪದದ ಅರ್ಥ 'ಮರಳುವುದು'. ದಾರಿ ತಪ್ಪಿದವನು ಅಳುತ್ತಾ ಕುಳಿತರೆ ಸಾಲದು, ಎದ್ದು ಹಿಂದಿರುಗಿ ನಡೆಯಬೇಕು ಎಂಬ ಭಾವ ಪದದಲ್ಲೇ ಇದೆ. ಹೊಶೇಯ, ಯೆರೆಮೀಯ ಮೊದಲಾದ ಪ್ರವಾದಿಗಳು ಇಸ್ರಯೇಲರನ್ನು ದೇವರ ಕಡೆಗೆ ಕರೆಯುವಾಗ ಬಳಸಿದ ಮಾತಿಗೂ ಇದೇ ಮೂಲ.

ಮರಳುವುದು ಯಾವಾಗ? ಮರಣದ ಹಿಂದಿನ ದಿನ ಪಶ್ಚಾತ್ತಾಪಪಡಬೇಕೆಂದು ರಬ್ಬಿ ಎಲಿಯೇಜರ್ ಬೋಧಿಸಿದ್ದರಂತೆ. ಆ ದಿನ ಯಾರಿಗಾದರೂ ತಿಳಿದಿರುತ್ತದೆಯೇ ಎಂದು ಶಿಷ್ಯರು ಕೇಳಿದಾಗ, ತಿಳಿಯದ ಕಾರಣಕ್ಕೇ ಇಂದೇ ಮರಳಬೇಕು ಎಂಬ ಉತ್ತರ ಬಂತೆಂದು ತಾಲ್ಮುದ್ ಗ್ರಂಥ ಹೇಳುತ್ತದೆ. ಮುಂದಿನ ಲೋಕದ ಇಡೀ ಬದುಕಿಗಿಂತ ಈ ಲೋಕದಲ್ಲಿ ಪಶ್ಚಾತ್ತಾಪ ಹಾಗೂ ಸತ್ಕಾರ್ಯದಲ್ಲಿ ಕಳೆದ ಒಂದು ಗಳಿಗೆ ಮೇಲು ಎಂಬ ಬೋಧನೆಯೂ ಯೆಹೂದ್ಯ ಪರಂಪರೆಯಲ್ಲಿದೆ. ಕೆಟ್ಟದ್ದನ್ನು ಸರಿಪಡಿಸುವ ಅವಕಾಶ ಇರುವುದು ಇಲ್ಲಿ ಮಾತ್ರ ಎಂದು ಇದನ್ನು ವಿವರಿಸುತ್ತಾರೆ.

ಇದಕ್ಕಾಗಿ ವರ್ಷದಲ್ಲಿ ವಿಶೇಷ ಕಾಲವೂ ಇದೆ. ಆಗಸ್ಟ್-ಸೆಪ್ಟೆಂಬರ್ ಸುಮಾರಿಗೆ ಬರುವ ಎಲೂಲ್ ತಿಂಗಳು ಸಿದ್ಧತೆಯ ತಿಂಗಳು. ಅನಂತರ ಹೊಸ ವರ್ಷದ ಹಬ್ಬ ರೋಷ್ ಹಶಾನಾದಿಂದ ಯೋಮ್ ಕಿಪ್ಪೂರ್ ಎಂಬ ಪ್ರಾಯಶ್ಚಿತ್ತದ ದಿನದವರೆಗೆ 10 ದಿನಗಳು. ಯೋಮ್ ಕಿಪ್ಪೂರಿನಂದು ಸುಮಾರು 25 ತಾಸು ಅನ್ನ-ನೀರು ಮುಟ್ಟದೆ ಉಪವಾಸವಿರುತ್ತಾರೆ. ಪಾಪಗಳನ್ನು ಅರಿಕೆ ಮಾಡುವಾಗ 'ನಾನು' ಎನ್ನದೆ 'ನಾವು' ಎನ್ನುತ್ತಾರೆ. ಒಂದೊಂದು ಪಾಪದ ಹೆಸರಿಗೂ ಮೆಲ್ಲಗೆ ಎದೆ ಬಡಿದುಕೊಳ್ಳುತ್ತಾರೆ. ಮಧ್ಯಾಹ್ನದ ಮೇಲೆ ಯೋನನ ಗ್ರಂಥವನ್ನು ಓದುತ್ತಾರೆ. ನಿನೆವೆಯ ಜನ ತಡಮಾಡದೆ ಮನಸ್ಸು ತಿರುಗಿಸಿದ ಕಥೆ ನಮಗೆಲ್ಲ ಗೊತ್ತಿರುವುದೇ.

ಆದರೆ ಈ ಉಪವಾಸ, ಪ್ರಾರ್ಥನೆಗಳಿಗೂ ಒಂದು ಮಿತಿಯಿದೆ. ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲಿತವಾದ ಮಿಷ್ನಾ ಗ್ರಂಥದ ಪ್ರಕಾರ, ದೇವರಿಗೆ ವಿರುದ್ಧವಾದ ಪಾಪಗಳಿಗೆ ಯೋಮ್ ಕಿಪ್ಪೂರ್ ಪ್ರಾಯಶ್ಚಿತ್ತವಾಗುತ್ತದೆ. ನೆರೆಯವನಿಗೆ ಮಾಡಿದ ಅನ್ಯಾಯಕ್ಕೆ ಮಾತ್ರ, ಆತನನ್ನು ಸಮಾಧಾನಪಡಿಸುವವರೆಗೆ ಅದು ಸಾಲದು. ಈಗ ಪಾಪ ಮಾಡಿ ಮುಂದೆ ಪಶ್ಚಾತ್ತಾಪಪಟ್ಟರಾಯಿತು ಎಂದು ಲೆಕ್ಕ ಹಾಕುವವನಿಗೆ ಆ ಅವಕಾಶವೇ ಸಿಗದು ಎಂದೂ ಅದು ಎಚ್ಚರಿಸುತ್ತದೆ.

ಸ್ಪೇನಿನ ಕೊರ್ಡೋಬಾದಲ್ಲಿ ಹುಟ್ಟಿ, 1204ರಲ್ಲಿ ಈಜಿಪ್ಟಿನಲ್ಲಿ ತೀರಿಕೊಂಡ ಪಂಡಿತ ಮೈಮೊನಿಡಿಸ್ 'ಮಿಷ್ನೇ ತೋರಾ' ಎಂಬ ತನ್ನ ಗ್ರಂಥದಲ್ಲಿ ಈ ನಿಯಮಗಳನ್ನು ಕ್ರಮವಾಗಿ ಬರೆದಿಟ್ಟಿದ್ದಾನೆ. ಪಾಪವನ್ನು ಬಿಡಬೇಕು, ಅದಕ್ಕಾಗಿ ಮರುಗಬೇಕು, ಇನ್ನು ಮಾಡುವುದಿಲ್ಲವೆಂದು ನಿಶ್ಚಯಿಸಬೇಕು, ಬಾಯಿಬಿಟ್ಟು ಅರಿಕೆ ಮಾಡಬೇಕು. ಅದೇ ಸಂದರ್ಭ ಮತ್ತೆ ಬಂದಾಗ, ಶಕ್ತಿಯಿದ್ದೂ ಆ ಪಾಪವನ್ನು ಮಾಡದವನೇ ಪೂರ್ಣವಾಗಿ ಮರಳಿದವನು. ಕದ್ದದ್ದನ್ನು ಹಿಂದಿರುಗಿಸಿದರೂ ಸಾಲದು, ಕ್ಷಮೆ ಕೇಳಲೇಬೇಕು. ನೊಂದವನು ಒಪ್ಪದಿದ್ದರೆ ಮೂವರು ಸ್ನೇಹಿತರನ್ನು ಕರೆದುಕೊಂಡು ಹೋಗಬೇಕು. ಹೀಗೆ ಮೂರು ಸಲ ಕೇಳಿದ ಮೇಲೂ ಕ್ಷಮಿಸದಿದ್ದರೆ ತಪ್ಪು ಕ್ಷಮಿಸದವನದ್ದು.

ನೊಂದವನು ಆಗಲೇ ತೀರಿಹೋಗಿದ್ದರೆ? 10 ಜನರನ್ನು ಕರೆದುಕೊಂಡು ಆತನ ಸಮಾಧಿಯ ಬಳಿ ನಿಂತು, ದೇವರಿಗೂ ಈತನಿಗೂ ವಿರುದ್ಧವಾಗಿ ಪಾಪ ಮಾಡಿದೆನೆಂದು ಹೇಳಬೇಕು. ಸಾಲವಿದ್ದರೆ ವಾರಸುದಾರರಿಗೆ ತೀರಿಸಬೇಕು. ತಡಮಾಡಿದವನಿಗೂ ದಾರಿ ಮುಚ್ಚಿಲ್ಲ, ನಿಜ. ಆದರೆ ಕ್ಷಮಿಸಿದೆ ಎಂಬ ಮಾತು ಸಮಾಧಿಯಿಂದ ಕೇಳಿಬರುವುದಿಲ್ಲ.

ಯೋಮ್ ಕಿಪ್ಪೂರಿನ ಕೊನೆಯ ಪ್ರಾರ್ಥನೆಗೆ 'ನೆಇಲಾ', ಅಂದರೆ ಬಾಗಿಲು ಮುಚ್ಚುವುದು, ಎಂದು ಹೆಸರು. ಹೊತ್ತು ಮುಳುಗುವಾಗ, ಬಾಗಿಲು ಮುಚ್ಚುವ ಮುನ್ನ ಒಳಗೆ ಸೇರಿಕೊಳ್ಳಬೇಕೆಂಬ ಆತುರದಿಂದ ಅದನ್ನು ಹೇಳುತ್ತಾರೆ. ಕಡೆಗೆ ಶೋಫಾರ್ ಎಂಬ ಟಗರಿನ ಕೊಂಬನ್ನು ಊದುತ್ತಾರೆ. ಇದನ್ನು ಓದುವಾಗ ನಮಗೆ ಯಾರದಾದರೂ ಮುಖ ನೆನಪಾದರೆ, ಅವರ ಮನೆಗೆ ಹೋಗಲು ಇವತ್ತಿನ ಸಂಜೆ ಇನ್ನೂ ಇದೆ.