ಒತ್ತಡ ಮತ್ತು ಮನೋರೋಗ: ಕಾರಣವೋ ನಿಮಿತ್ತವೋ

ಸಾವು, ಸಾಲ, ದಾಂಪತ್ಯದ ಒಡಕು, ಯುದ್ಧ, ದುರಂತ ಇಂಥವು ಮನೋರೋಗವನ್ನು ಹೊಸದಾಗಿ ಹುಟ್ಟಿಸುತ್ತವೆಯೇ, ಅಥವಾ ಹೇಗಿದ್ದರೂ ಬರಲಿದ್ದ ರೋಗವನ್ನು ಹೊರಗೆಳೆಯುತ್ತವೆಯೇ ಎಂಬುದು ಮನೋವೈದ್ಯಶಾಸ್ತ್ರದ ಹಳೆಯ ವಿವಾದ. ಎಲ್ಲ ರೋಗಗಳಿಗೂ ಸಲ್ಲುವ ಒಂದೇ ಉತ್ತರ ಸಿಕ್ಕಿಲ್ಲ. ಮೊದಲ ಸಲ ಬರುವ ಖಿನ್ನತೆಯಲ್ಲಿ ಒತ್ತಡದ ಪಾಲು ದೊಡ್ಡದು. ಸ್ಕಿಜೋಫ್ರೇನಿಯಾದಲ್ಲಿ ಅದು ಹೆಚ್ಚಾಗಿ ರೋಗ ಕಾಣಿಸಿಕೊಳ್ಳುವ ಗಳಿಗೆಯನ್ನು ನಿರ್ಧರಿಸುವಂತೆ ಕಾಣುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆಗೆ (ಪಿಟಿಎಸ್‌ಡಿ) ಆಘಾತವಿಲ್ಲದೆ ಆ ಹೆಸರನ್ನೇ ಇಡುವಂತಿಲ್ಲ.

ಪದಗಳು

‘ಒತ್ತಡ’ವೆಂಬ ಪರಿಕಲ್ಪನೆ ವೈದ್ಯಕೀಯಕ್ಕೆ ಬಂದದ್ದು ಹಾನ್ಸ್ ಸೆಲ್ಯೆ 1936ರಲ್ಲಿ ‘ನೇಚರ್’ ಪತ್ರಿಕೆಗೆ ಬರೆದ ಒಂದು ಚಿಕ್ಕ ಪತ್ರದ ಬೆನ್ನಿಗೆ. ಚಳಿ, ಗಾಯ, ವಿಷ ಯಾವುದನ್ನು ಕೊಟ್ಟರೂ ಇಲಿಗಳ ದೇಹ ಒಂದೇ ಬಗೆಯಲ್ಲಿ ಪ್ರತಿಕ್ರಿಯಿಸುತ್ತದೆ ಎಂಬುದು ಅದರ ತಿರುಳು. ಕನ್ನಡದ ಆಡುಮಾತಿನಲ್ಲಿ ಇದಕ್ಕೆಲ್ಲ ‘ಟೆನ್ಷನ್’ ಎಂಬ ಒಂದೇ ಮಾತು ಸಾಕಾಗಿದೆ. ರೋಗಿಯನ್ನು ಕರೆತರುವ ಮನೆಯವರ ಬಾಯಲ್ಲಿ ಕಾರಣ ಸಿದ್ಧವಾಗಿಯೇ ಇರುತ್ತದೆ: ‘ಅವರಪ್ಪ ಹೋದ ಮೇಲೆ ಹೀಗಾದ’, ‘ಓದಿ ಓದಿ ತಲೆ ಕೆಟ್ಟಿತು’, ‘ಆ ಮಾತನ್ನ ಮನಸ್ಸಿಗೆ ಹಚ್ಚಿಕೊಂಡುಬಿಟ್ಟಳು’. ವೈದ್ಯರಾದರೋ ‘ಅದೊಂದು ನಿಮಿತ್ತ ಅಷ್ಟೆ’ ಎನ್ನುವುದು ರೂಢಿ. ತರ್ಕಶಾಸ್ತ್ರದಲ್ಲಿ ನಿಮಿತ್ತಕಾರಣ ಕೀಳಾದುದಲ್ಲ. ಮಡಕೆಗೆ ಮಣ್ಣು ಎಷ್ಟು ಬೇಕೋ ಕುಂಬಾರನೂ ಅಷ್ಟೇ ಬೇಕು. ವೈದ್ಯರ ‘ಅಷ್ಟೆ’ ಎಷ್ಟು ಸರಿ ಎಂಬುದೇ ಮುಂದಿನ ಸಂಶೋಧನೆಯ ವಸ್ತು.

ಯುದ್ಧ ಮತ್ತು ಶೆಲ್ ಶಾಕ್

1913ರಲ್ಲಿ ಕಾರ್ಲ್ ಯಾಸ್ಪರ್ಸ್ ‘ಪ್ರತಿಕ್ರಿಯಾತ್ಮಕ’ ಮನೋರೋಗಕ್ಕೆ ಮೂರು ಲಕ್ಷಣ ಹೇಳಿದ್ದರು: ಅನುಭವವಿಲ್ಲದಿದ್ದರೆ ರೋಗ ಬರುತ್ತಿರಲಿಲ್ಲ ಎನ್ನುವಂತಿರಬೇಕು, ರೋಗದ ಒಡಲಲ್ಲಿ ಆ ಅನುಭವದ ನೆರಳಿರಬೇಕು, ಕಾರಣ ಸರಿದರೆ ರೋಗವೂ ಸರಿಯಬೇಕು. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಗಿ ಈ ಸೂತ್ರ ಒರೆಗೆ ಬಿತ್ತು. ಗಾಯವಿಲ್ಲದೆ ನಡುಗುವ, ಮಾತು ಕಳೆದುಕೊಂಡ ಸೈನಿಕರ ಸ್ಥಿತಿಯನ್ನು ಚಾರ್ಲ್ಸ್ ಮೈಯರ್ಸ್ 1915ರ ಫೆಬ್ರವರಿಯಲ್ಲಿ ‘ಲ್ಯಾನ್ಸೆಟ್’ನಲ್ಲಿ ‘ಶೆಲ್ ಶಾಕ್’ ಎಂದು ಬರೆದರು. ಆಮೇಲೆ ಆ ಹೆಸರು ಅವರಿಗೇ ಬೇಡವಾಯಿತು. ಬ್ರಿಟಿಷ್ ಸೇನೆ ಇಂಥವರನ್ನು ಎರಡು ಅಕ್ಷರಗಳಲ್ಲಿ ವಿಂಗಡಿಸಿತು. ಶೆಲ್ ಸ್ಫೋಟ ಹತ್ತಿರದಲ್ಲೇ ಆಗಿದ್ದರೆ ‘ಡಬ್ಲ್ಯೂ’, ಅಂದರೆ ಗಾಯಾಳು. ಇಲ್ಲದಿದ್ದರೆ ‘ಎಸ್’, ಅಂದರೆ ಬರೀ ಕಾಯಿಲೆಯವನು. ಮೊದಲನೆಯವನಿಗೆ ತೋಳಿನ ಮೇಲೆ ಗಾಯದ ಪಟ್ಟಿ ಮತ್ತು ಪಿಂಚಣಿಯ ಹಕ್ಕು. ಎರಡನೆಯವನಿಗೆ ಅವೆರಡೂ ಇಲ್ಲ. ಕಾರಣವೋ ನಿಮಿತ್ತವೋ ಎಂಬ ಪ್ರಶ್ನೆಗೆ ಹಣದ ಲೆಕ್ಕ ಅಂಟಿಕೊಂಡದ್ದು ಹೀಗೆ.

ಘಟನೆಗಳನ್ನು ಅಳೆಯುವ ಕಷ್ಟ

ಥಾಮಸ್ ಹೋಮ್ಸ್ ಮತ್ತು ರಿಚರ್ಡ್ ರಾಹೆ 1967ರಲ್ಲಿ 43 ಘಟನೆಗಳ ಪಟ್ಟಿ ಮಾಡಿ, ಸಂಗಾತಿಯ ಸಾವಿಗೆ 100 ಅಂಕ ಕೊಟ್ಟರು. ಭಾರತಕ್ಕೆ ಹೊಂದುವಂತೆ ಗುರ್ಮೀತ್ ಸಿಂಗ್ ಮತ್ತು ಸಂಗಡಿಗರು 1984ರಲ್ಲಿ 51 ಘಟನೆಗಳ ಪಟ್ಟಿ ತಂದರು. ಅಲ್ಲೂ ಸಂಗಾತಿಯ ಸಾವೇ ಮೇಲಿದೆ, 95 ಅಂಕ. ಅದರ ಜೊತೆಗೆ ಮಗಳ ಅಥವಾ ಅವಲಂಬಿತ ತಂಗಿಯ ಮದುವೆ, ಗಂಡುಮಗು ಇಲ್ಲದಿರುವುದು ಮುಂತಾದವು ಸೇರಿವೆ. ಇಂಥ ಪಟ್ಟಿಗಳನ್ನು ಬಳಸುವುದು ಸುಲಭ, ಇವುಗಳಿಂದ ಮೋಸಹೋಗುವುದೂ ಸುಲಭ.

ಮೋಸದ ದಾರಿ ಮೂರು. ಮೊದಲನೆಯದು ನೆನಪು. ಡೌನ್ಸ್ ಸಿಂಡ್ರೋಮ್ ಇರುವ ಮಕ್ಕಳ ತಾಯಂದಿರು ಬಸಿರಿನಲ್ಲಿ ಹೆಚ್ಚು ಆಘಾತ ಅನುಭವಿಸಿದ್ದಾಗಿ ಹೇಳುತ್ತಾರೆಂದು 1958ರಲ್ಲಿ ಒಂದು ಸಂಶೋಧನೆ ವರದಿ ಮಾಡಿತು. ಮರುವರ್ಷ ಜೆರೋಮ್ ಲೆಜೂನ್, ಆ ಸ್ಥಿತಿಗೆ ಒಂದು ಹೆಚ್ಚುವರಿ ವರ್ಣತಂತು ಕಾರಣವೆಂದು ತೋರಿಸಿದರು. ತಾಯಂದಿರು ಸುಳ್ಳು ಹೇಳಿರಲಿಲ್ಲ. ಮಗುವಿನ ಸ್ಥಿತಿಗೆ ಅರ್ಥ ಹುಡುಕುತ್ತ ಬಸಿರಿನ ದಿನಗಳನ್ನು ಜಾಲಾಡಿದ್ದರು. ಎರಡನೆಯದು ದಿಕ್ಕು. ಕೆಲಸ ಹೋದದ್ದರಿಂದ ರೋಗವೋ, ರೋಗ ಮೆಲ್ಲಗೆ ಹೊಗೆಯಾಡುತ್ತಿದ್ದುದರಿಂದ ಕೆಲಸ ಹೋಯಿತೋ? ಕಾರ್ಖಾನೆಯೇ ಮುಚ್ಚಿ ಕೆಲಸ ಹೋದರೆ ಅದು ‘ಸ್ವತಂತ್ರ ಘಟನೆ’. ದಿನವೂ ತಡವಾಗಿ ಹೋಗಿ ವಜಾ ಆದರೆ ಅಲ್ಲ. ಮೂರನೆಯದು ಸಂದರ್ಭ. ಮೂರನೇ ಸಲ ಬಸಿರಾಗುವುದು ಒಬ್ಬಳಿಗೆ ಸಂಭ್ರಮ; ಗಂಡ ಜೈಲಿನಲ್ಲಿದ್ದು ಒಂದೇ ಕೋಣೆಯಲ್ಲಿ ಇಬ್ಬರು ಮಕ್ಕಳೊಡನೆ ಇರುವವಳಿಗೆ ಅದು ಬೇರೆಯೇ.

ಲಂಡನ್ನಿನ ಜಾರ್ಜ್ ಬ್ರೌನ್ ಈ ಮೂರಕ್ಕೂ ಒಂದು ಪದ್ಧತಿ ಕಟ್ಟಿದರು. ಸಂದರ್ಶಕರು ಘಟನೆಯ ದಿನಾಂಕ ಮತ್ತು ಹಿನ್ನೆಲೆಯನ್ನು ಗಂಟೆಗಟ್ಟಲೆ ಕೇಳಿ ಬರೆದುಕೊಳ್ಳುತ್ತಾರೆ. ಆಮೇಲೆ ಸಂದರ್ಶನ ಕೊಟ್ಟಾಕೆ ಅತ್ತಳೇ, ರೋಗಕ್ಕೆ ಬಿದ್ದಳೇ ಎಂಬುದನ್ನು ಮರೆಮಾಡಿ ಉಳಿದದ್ದನ್ನು ಒಂದು ತಂಡದ ಮುಂದೆ ಓದುತ್ತಾರೆ. ಇಂಥ ಸ್ಥಿತಿಯಲ್ಲಿರುವ ಯಾರಿಗಾದರೂ ಇದು ಎಷ್ಟು ಭಾರವಾಗುತ್ತಿತ್ತು ಎಂಬುದನ್ನಷ್ಟೇ ತಂಡ ತೂಗುತ್ತದೆ. ಇದು ದುಬಾರಿ, ನಿಧಾನ. ಆದರೂ ಈ ಕ್ಷೇತ್ರದಲ್ಲಿ ನೆಚ್ಚಬಹುದಾದ ಅಂಕಿಗಳು ಬಹುಪಾಲು ಇಂಥ ಕೆಲಸದಿಂದಲೇ ಬಂದಿವೆ.

ಎಷ್ಟು ಕಾಲ ಮುಂಚೆ?

1968ರಲ್ಲಿ ಬರ್ಲಿ ಮತ್ತು ಬ್ರೌನ್ ಸ್ಕಿಜೋಫ್ರೇನಿಯಾದ 50 ರೋಗಿಗಳನ್ನು ಪರಿಶೀಲಿಸಿದರು. ರೋಗ ಕಾಣಿಸಿಕೊಂಡ ಅಥವಾ ಮರುಕಳಿಸಿದ ದಿನಕ್ಕೆ ಮುಂಚಿನ ಮೂರು ವಾರಗಳಲ್ಲಿ ಶೇ. 46 ಮಂದಿಗೆ ಸ್ವತಂತ್ರ ಘಟನೆ ಒದಗಿತ್ತು. ಅದಕ್ಕೂ ಹಿಂದಿನ ಮೂರು ಮೂರು ವಾರಗಳಲ್ಲಿ ಆ ಪ್ರಮಾಣ ಸರಾಸರಿ ಶೇ. 12ರಷ್ಟು. ಸಂಬಂಧವಿರುವುದೇನೋ ಕಂಡಿತು. ಅದು ಎಂಥ ಸಂಬಂಧ?

1973ರಲ್ಲಿ ಬ್ರೌನ್, ಟಿರಿಲ್ ಹ್ಯಾರಿಸ್ ಮತ್ತು ಸಂಖ್ಯಾಶಾಸ್ತ್ರಜ್ಞ ಪೀಟೊ ಕೊಟ್ಟ ಉತ್ತರ ಈ ಲೇಖಕನ ಮಟ್ಟಿಗೆ ಇಡೀ ಚರ್ಚೆಯ ಅತ್ಯಂತ ಜಾಣ ನಡೆ. ಪಠ್ಯಪುಸ್ತಕಗಳು ಇದನ್ನು ಒಂದು ಸಾಲಿನಲ್ಲಿ ಮುಗಿಸುವುದು ಅನ್ಯಾಯ. ಕಾರಣ–ನಿಮಿತ್ತಗಳನ್ನು ಎರಡು ಜಾತಿಯಾಗಿ ನೋಡದೆ ಅವರು ಒಂದೇ ಅಳತೆಗೋಲಿನ ಎರಡು ತುದಿಗಳಾಗಿ ಕಂಡರು. ಘಟನೆ ನಡೆಯದಿದ್ದರೂ ಆ ವ್ಯಕ್ತಿಗೆ ರೋಗ ಎಂದಾದರೊಮ್ಮೆ ಬರುತ್ತಿತ್ತೆಂದೇ ಇಟ್ಟುಕೊಳ್ಳೋಣ. ಘಟನೆ ಅದನ್ನು ಎಷ್ಟು ಕಾಲ ಮುಂಚೆ ತಂದಿತು? ಮಾಗಿದ ಹಣ್ಣು ಸಣ್ಣ ಗಾಳಿಗೆ ಉದುರಿದರೆ ಗಾಳಿ ಕದ್ದದ್ದು ಒಂದೆರಡು ದಿನ. ಬಿರುಗಾಳಿಗೆ ಮಿಡಿಗಾಯಿ ಉದುರಿದರೆ ಅದು ಇಡೀ ಋತುವನ್ನೇ ಕದ್ದಿದೆ. ಮೊದಲನೆಯದು ನಿಮಿತ್ತ, ಎರಡನೆಯದು ಕಾರಣ.

ಲೆಕ್ಕದ ಬುಡ ಸರಳ. ಸಾಮಾನ್ಯ ಜನರಿಗೆ ತಿಂಗಳಿಗೊಮ್ಮೆ ಎಂಬಂತೆ ನಡೆಯುವ ಘಟನೆಯೊಂದು ಹಲವು ರೋಗಿಗಳಲ್ಲಿ ರೋಗದ ಹೊಸ್ತಿಲಲ್ಲೇ ಸಿಕ್ಕರೆ ಆಶ್ಚರ್ಯವಿಲ್ಲ. ಆಗಲೇ ಮಾಗಿದ್ದವರನ್ನು ಅದು ತಟ್ಟಿರಬಹುದು. ಹತ್ತು ವರ್ಷಕ್ಕೊಮ್ಮೆ ನಡೆಯುವಂಥ ಹೊಡೆತ ಅಷ್ಟೇ ಪ್ರಮಾಣದ ರೋಗಿಗಳಲ್ಲಿ ಸಿಕ್ಕರೆ, ಅಷ್ಟೂ ಜನ ಸರಿಯಾಗಿ ಅದೇ ವಾರ ಮಾಗಿ ಕಾದಿದ್ದರು ಎಂದು ನಂಬುವುದು ಕಷ್ಟ. ಹಾಗಾಗಿ ಘಟನೆ ವಿರಳವಾದಷ್ಟೂ, ರೋಗಿಗಳಲ್ಲಿ ಅದರ ಪ್ರಮಾಣ ಹೆಚ್ಚಾದಷ್ಟೂ ಮುಂಚಿತವಾದ ಕಾಲ ಉದ್ದವಾಗುತ್ತದೆ. ಈ ಲೆಕ್ಕದಲ್ಲಿ ಸ್ಕಿಜೋಫ್ರೇನಿಯಾಗೆ ಬಂದ ಅವಧಿ ಸುಮಾರು 10 ವಾರ; ಖಿನ್ನತೆಗೆ ಸುಮಾರು 2 ವರ್ಷ.

ಇವು ಸರಾಸರಿಗಳು. ಒಬ್ಬ ರೋಗಿಯನ್ನು ಮುಂದೆ ಕೂರಿಸಿಕೊಂಡು ಈತನ ರೋಗ ಇಷ್ಟು ವಾರ ಮುಂಚೆ ಬಂತೆಂದು ಹೇಳಲಾಗದು. ಎಷ್ಟು ವಾರ ದಾಟಿದರೆ ನಿಮಿತ್ತವು ಕಾರಣವಾಗುತ್ತದೆ ಎಂಬ ಗೆರೆಯೂ ಎಳೆದವರ ಇಚ್ಛೆಗೆ ಬಿಟ್ಟದ್ದು.

ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್ ಬಡಾವಣೆಯ ಮಹಿಳೆಯರ ಬಗ್ಗೆ ಬ್ರೌನ್ ಮತ್ತು ಹ್ಯಾರಿಸ್ 1978ರಲ್ಲಿ ಪ್ರಕಟಿಸಿದ ಪುಸ್ತಕ ಇನ್ನೊಂದು ಮಾತು ಸೇರಿಸಿತು. ತೀವ್ರ ಹೊಡೆತ ತಿಂದವರಲ್ಲೂ ಸುಮಾರು ಐವರಲ್ಲಿ ಒಬ್ಬಳಷ್ಟೇ ಖಿನ್ನತೆಗೆ ಬಿದ್ದಿದ್ದಳು. ಮನಸ್ಸು ಬಿಚ್ಚಿ ಮಾತಾಡಲು ಯಾರೂ ಇಲ್ಲದಿರುವುದು, 11 ವರ್ಷದೊಳಗೆ ತಾಯಿಯನ್ನು ಕಳೆದುಕೊಂಡದ್ದು, ಮನೆಯಲ್ಲಿ 14ರೊಳಗಿನ ಮೂರು ಅಥವಾ ಹೆಚ್ಚು ಮಕ್ಕಳು, ಹೊರಗೆ ಕೆಲಸವಿಲ್ಲದಿರುವುದು ಅಪಾಯವನ್ನು ಹೆಚ್ಚಿಸುತ್ತಿದ್ದವು. ನಾಲ್ಕರಲ್ಲಿ ಮೊದಲನೆಯದನ್ನು ಮುಂದಿನ ಅಧ್ಯಯನಗಳು ಹೆಚ್ಚಾಗಿ ಎತ್ತಿಹಿಡಿದಿವೆ.

ಮರುಕಳಿಸುವಾಗ

ಖಿನ್ನತೆ ಮತ್ತೆ ಮತ್ತೆ ಬಂದಂತೆ ಒತ್ತಡದ ನಂಟು ಸಡಿಲವಾಗುತ್ತದೆ. ರಾಬರ್ಟ್ ಪೋಸ್ಟ್ 1992ರಲ್ಲಿ ಇದನ್ನು ಕಿಚ್ಚು ಹತ್ತಿಕೊಳ್ಳುವುದಕ್ಕೆ ಹೋಲಿಸಿದರು. ಕೆನೆತ್ ಕೆಂಡ್ಲರ್ ಅವರ ವರ್ಜೀನಿಯಾ ಅವಳಿ ಅಧ್ಯಯನಗಳೂ ಇದನ್ನು ಬಹುಮಟ್ಟಿಗೆ ಬೆಂಬಲಿಸಿವೆ.

ಅನುವಂಶೀಯತೆ

ಜೋಸೆಫ್ ಜುಬಿನ್ ಮತ್ತು ಬೋನಿ ಸ್ಪ್ರಿಂಗ್ 1977ರಲ್ಲಿ ಮಂಡಿಸಿದ ಮಾದರಿ ಈಗ ಎಲ್ಲರ ಬಾಯಲ್ಲಿದೆ: ಒಳಗಿನ ದೌರ್ಬಲ್ಯ ಹೆಚ್ಚಿದ್ದರೆ ಕಡಿಮೆ ಒತ್ತಡ ಸಾಕು. ಆ ದೌರ್ಬಲ್ಯ ಯಾವ ವಂಶವಾಹಿಯಲ್ಲಿದೆ ಎಂದು ತೋರಿಸುವುದು ಸುಲಭವಾಗಿಲ್ಲ. ನ್ಯೂಜಿಲೆಂಡಿನ ಡನೀಡಿನ್‌ನ ತರುಣರನ್ನು ಅಧ್ಯಯನ ಮಾಡಿ ಅವ್ಶಲೋಮ್ ಕಾಸ್ಪಿ ತಂಡ 2003ರಲ್ಲಿ, ಸೆರೊಟೋನಿನ್ ಸಾಗಣೆಯ ಒಂದು ವಂಶವಾಹಿಯ ಗಿಡ್ಡ ರೂಪ ಇದ್ದವರಿಗೆ ಒತ್ತಡ ಹೆಚ್ಚು ತಟ್ಟುತ್ತದೆ ಎಂದಾಗ ದೊಡ್ಡ ಸದ್ದಾಯಿತು. 2019ರಲ್ಲಿ ಹಲವು ಪಟ್ಟು ಹೆಚ್ಚು ಜನರ ಮಾಹಿತಿ ಜಾಲಾಡಿದ ವಿಶ್ಲೇಷಣೆಗೆ ಅದರ ಸುಳಿವು ಸಿಗಲಿಲ್ಲ. ಕೆಲವರು ಸ್ವಭಾವತಃ ಕಷ್ಟದ ಘಟನೆಗಳ ಬಳಿಗೇ ಸಾಗುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಒತ್ತಡ ಮತ್ತು ಖಿನ್ನತೆಯ ನಂಟಿನಲ್ಲಿ ಸುಮಾರು ಮೂರನೇ ಒಂದು ಭಾಗ ಕಾರಣಸಂಬಂಧವಲ್ಲ ಎಂದು 1999ರಲ್ಲಿ ಕೆಂಡ್ಲರ್ ಅಂದಾಜಿಸಿದರು.

ಆಘಾತದ ಕಾಯಿಲೆಗಳು

ಪಿಟಿಎಸ್‌ಡಿ 1980ರಲ್ಲಿ ಅಮೆರಿಕದ ರೋಗಪಟ್ಟಿ ಸೇರಿತು. 1995ರ ಅಮೆರಿಕದ ಸಮೀಕ್ಷೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಗಂಭೀರ ಆಘಾತ ಕಂಡಿದ್ದರು. ಜೀವಮಾನದಲ್ಲಿ ಈ ಕಾಯಿಲೆ ಬಂದವರು ಶೇ. 7.8. ಆಘಾತ ಇಲ್ಲಿ ಅನಿವಾರ್ಯ, ಆದರೆ ಅದೊಂದೇ ಸಾಲದು. ಕೆಲವೇ ದಿನಗಳಲ್ಲಿ ಎದ್ದು ಬೇಗ ಇಳಿದುಹೋಗುವ ಅಲ್ಪಕಾಲಿಕ ಮನೋವಿಕಾರಗಳು ಭಾರತದ ವೈದ್ಯರಿಗೆ ಚೆನ್ನಾಗಿ ಗೊತ್ತು. 1992ರ ಅಂತರರಾಷ್ಟ್ರೀಯ ರೋಗಪಟ್ಟಿ ಇವಕ್ಕೆ ಪ್ರತ್ಯೇಕ ಸ್ಥಾನ ಕೊಟ್ಟು, ಜೊತೆಯಲ್ಲಿ ತೀವ್ರ ಒತ್ತಡ ಇತ್ತೋ ಇಲ್ಲವೋ ಎಂದು ದಾಖಲಿಸಲು ಅವಕಾಶ ಮಾಡಿತು. ಯಾಸ್ಪರ್ಸ್ ಅವರ ಸೂತ್ರಕ್ಕೆ ಇಂದು ಹತ್ತಿರ ಬರುವುದು ಇವೇ.

ಕರ್ನಾಟಕದಲ್ಲಿ

1981ರ ಫೆಬ್ರವರಿ 7ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ಬಿದ್ದು 90ಕ್ಕೂ ಹೆಚ್ಚು ಜನ ಸತ್ತರು, ಹೆಚ್ಚಿನವರು ಮಕ್ಕಳು. ಬಂಧುಗಳ ದುಃಖವನ್ನು ನಿಮ್ಹಾನ್ಸ್‌ನ ಸಂಶೋಧಕರು ಅಧ್ಯಯನ ಮಾಡಿದರು. 1984ರ ಭೋಪಾಲ್ ಅನಿಲ ದುರಂತದ ನಂತರ ಅಲ್ಲಿನ ವೈದ್ಯಾಧಿಕಾರಿಗಳಿಗೆ ಮಾನಸಿಕ ಆರೋಗ್ಯದ ತರಬೇತಿ ಕೊಡುವಲ್ಲಿ ಇದೇ ಸಂಸ್ಥೆಯ ಆರ್. ಶ್ರೀನಿವಾಸ ಮೂರ್ತಿ ಕೈಹಾಕಿದರು.

ಕಾನೂನು

ಭಾರತೀಯ ಸೇನೆಯ ಅಂಗವೈಕಲ್ಯ ಪಿಂಚಣಿ ನಿಯಮಗಳು ರೋಗ ಸೇವೆಯಿಂದ ‘ಉಂಟಾದದ್ದೋ’ ‘ಉಲ್ಬಣಗೊಂಡದ್ದೋ’ ಎಂದು ಕೇಳುತ್ತವೆ. ಎರಡರಲ್ಲಿ ಯಾವುದಾದರೂ ಸಾಕು. ಅಂದರೆ ಮೈಯರ್ಸ್ ಕಾಲದ ಗೆರೆಯನ್ನು ಇಲ್ಲಿ ಹಿಂದಕ್ಕೆ ಸರಿಸಲಾಗಿದೆ. ಸೇರುವಾಗ ರೋಗ ನಮೂದಾಗಿಲ್ಲದಿದ್ದರೆ ಸೈನಿಕ ಆಗ ಆರೋಗ್ಯವಂತನಾಗಿದ್ದನೆಂದೇ ಭಾವಿಸಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿತು. 2019ರಲ್ಲಿ ಸ್ಕಿಜೋಫ್ರೇನಿಯಾದ ಒಂದು ಪ್ರಕರಣದಲ್ಲಿ, ಸೇರುವಾಗ ಪತ್ತೆಯಾಗದ ಪ್ರತಿ ಮನೋರೋಗವನ್ನೂ ಸೇವೆಯ ತಲೆಗೆ ಕಟ್ಟಲಾಗದು ಎಂದು ಅದೇ ನ್ಯಾಯಾಲಯ ಪಿಂಚಣಿ ನಿರಾಕರಿಸಿತು.