ಕಂಪ್ಯೂಟರ್ ಟಿವಿ: ನೇರ ಪ್ರಸಾರದ ದೋಷಶೋಧನೆ

ಆಂಟೆನಾ, ಕೇಬಲ್, ಡಿಶ್ ಅಥವಾ ಅಂತರ್ಜಾಲದ ಮೂಲಕ ಬರುವ ಟಿವಿ ಕಾರ್ಯಕ್ರಮವನ್ನು ಮನೆಯ ಕಂಪ್ಯೂಟರಿನಲ್ಲಿ ನೇರವಾಗಿ ನೋಡುವಾಗ ಚಿತ್ರ ಚೌಕಚೌಕವಾಗಿ ಒಡೆಯುವುದು, ನಿಂತು ನಿಂತು ಓಡುವುದು, ದನಿ ಮಾತ್ರ ಕೇಳಿ ಪರದೆ ಕಪ್ಪಾಗುವುದು, 'ಸಿಗ್ನಲ್ ಇಲ್ಲ' ಎಂಬ ಸೂಚನೆ ಮೂಡುವುದು ಮುಂತಾದವುಗಳ ಕಾರಣ ಹುಡುಕಿ ಸರಿಪಡಿಸುವ ಕ್ರಮ. ಟಿವಿ ಪೆಟ್ಟಿಗೆಯಲ್ಲಿ ಒಂದೇ ಕವಚದೊಳಗೆ ಮುಗಿಯುವ ಕೆಲಸ ಕಂಪ್ಯೂಟರಿನಲ್ಲಿ ಟ್ಯೂನರ್, ಡ್ರೈವರ್, ಡಿಸ್ಕ್, ಡಿಕೋಡರ್, ಗ್ರಾಫಿಕ್ಸ್ ಕಾರ್ಡ್, ಮಾನಿಟರ್‌ಗಳ ನಡುವೆ ಹಂಚಿಹೋಗಿರುತ್ತದೆ. ಬಹುಮಟ್ಟಿಗೆ ಇವನ್ನು ಮಾಡಿದವರೂ ಬೇರೆ ಬೇರೆಯವರು. ಹೀಗಾಗಿ ಪರದೆಯ ಸೂಚನೆ ತೊಂದರೆ ಎಲ್ಲಿ ಬಯಲಾಯಿತು ಎಂದು ಹೇಳುತ್ತದೆಯೇ ಹೊರತು ಎಲ್ಲಿ ಹುಟ್ಟಿತು ಎಂದು ಹೇಳುವುದಿಲ್ಲ.

ಈ ಬಗೆಯ ಟಿವಿಗೆ ಹೆಚ್ಚು ನೋಡುಗರನ್ನು ತಂದದ್ದು ಮೈಕ್ರೋಸಾಫ್ಟಿನ ಮೀಡಿಯಾ ಸೆಂಟರ್. 2002ರಲ್ಲಿ ವಿಂಡೋಸ್ ಎಕ್ಸ್‌ಪಿಯ ವಿಶೇಷ ಆವೃತ್ತಿಯಾಗಿ ಅಮೆರಿಕದಲ್ಲಿ ಬಂದ ಇದು ವಿಸ್ಟಾ ಮತ್ತು ವಿಂಡೋಸ್ 7ರಲ್ಲಿ ಬೆಳೆಯಿತು; ವಿಂಡೋಸ್ 8ರಲ್ಲಿ ಬೇರೆಯಾಗಿ ಕೊಳ್ಳಬೇಕಾದ ಸರಕಾಯಿತು; 2015ರ ವಿಂಡೋಸ್ 10ರಲ್ಲಿ ಇಲ್ಲವಾಯಿತು. ಲಿನಕ್ಸ್ ಬಳಗದ ಮಿಥ್‌ಟಿವಿ ಹುಟ್ಟಿದ್ದೂ 2002ರಲ್ಲೇ. ಮೀಡಿಯಾ ಸೆಂಟರಿಗೆ ಕಾರ್ಯಕ್ರಮ ಪಟ್ಟಿ ಒದಗಿಸುವ ಸೇವೆ 2020ರ ಜನವರಿಯಲ್ಲಿ ನಿಂತಿತು. ಪಟ್ಟಿ ಖಾಲಿಯಾದ ಮಾತ್ರಕ್ಕೆ ಟ್ಯೂನರ್ ಕೆಟ್ಟಿದೆ ಎಂದುಕೊಳ್ಳಬೇಕಿಲ್ಲ.

ದೋಷಶೋಧನೆಯ ಅತ್ಯುತ್ತಮ ಸಾಧನ ಈ ತಂತ್ರಾಂಶಗಳ ರಚನೆಯಲ್ಲೇ ಇದೆ. ನೇರ ಪ್ರಸಾರ ಎಂದರೂ ಅವು ಟ್ಯೂನರಿನಿಂದ ಬಂದದ್ದನ್ನು ಮೊದಲು ಡಿಸ್ಕಿಗೆ ಬರೆದು, ಮರುಕ್ಷಣ ಅಲ್ಲಿಂದ ಓದಿ ತೋರಿಸುತ್ತವೆ. ಕ್ರಿಕೆಟ್ ಪಂದ್ಯವನ್ನು ನಡುವೆ ತಡೆದು, ಕಾಫಿ ಕುಡಿದು ಬಂದು, ಬಿಟ್ಟಲ್ಲಿಂದ ನೋಡಲು ಸಾಧ್ಯವಾಗುವುದು ಇದರಿಂದಲೇ. ಚಿತ್ರ ಒಡೆದಾಗ ಹತ್ತು ಸೆಕೆಂಡ್ ಹಿಂದಕ್ಕೆ ಓಡಿಸಬೇಕು. ಅದೇ ಜಾಗದಲ್ಲಿ ಅದೇ ರೀತಿ ಮತ್ತೆ ಒಡೆದರೆ, ಡಿಸ್ಕ್ ಸೇರುವ ಹೊತ್ತಿಗೇ ಪ್ರಸಾರ ಕೆಟ್ಟಿದೆ. ಆಂಟೆನಾ, ತಂತಿ, ಟ್ಯೂನರ್‌ಗಳ ಕಡೆ ನೋಡಬೇಕು. ಎರಡನೆಯ ಸಲ ಸ್ವಚ್ಛವಾಗಿ ಓಡಿದರೆ ಡಿಸ್ಕಿನಲ್ಲಿರುವುದು ಸರಿಯಾಗಿದೆ; ದೋಷ ಓದುವ, ಬಿಡಿಸುವ, ತೋರಿಸುವ ಕಡೆಯದು. ಅರ್ಧ ನಿಮಿಷದ ಈ ಪರೀಕ್ಷೆ ಮಾಡದೆ ವಿಂಡೋಸನ್ನೇ ಅಳಿಸಿ ಮತ್ತೆ ಹಾಕುವವರು ಬೇಕಾದಷ್ಟು ಜನ.

ಮೊದಲ ಬಗೆಯಲ್ಲಿ, ಅಂದರೆ ಡಿಸ್ಕ್ ಸೇರುವ ಮುನ್ನಿನ ದೋಷಗಳಲ್ಲಿ, ಹೆಚ್ಚಿನವು ಸಿಗ್ನಲ್ಲಿನ ತೊಂದರೆಗಳು. ಡಿಜಿಟಲ್ ಪ್ರಸಾರ 188 ಬೈಟುಗಳ ಪೊಟ್ಟಣಗಳಾಗಿ ಬರುತ್ತದೆ. ಪ್ರತಿ ಪೊಟ್ಟಣದಲ್ಲಿ 0ಯಿಂದ 15ರವರೆಗೆ ಎಣಿಸಿ ಮತ್ತೆ ಮೊದಲಿಗೆ ಮರಳುವ ಕ್ರಮಸಂಖ್ಯೆ ಇರುತ್ತದೆ. 7ರ ನಂತರ 9 ಬಂದರೆ ನಡುವಿನದು ದಾರಿಯಲ್ಲಿ ಕಳೆದಿದೆ ಎಂದರ್ಥ. ಟಿವಿಹೆಡೆಂಡ್‌ನಂಥ ತಂತ್ರಾಂಶಗಳು ಇದನ್ನು 'ಕಂಟಿನ್ಯೂಟಿ ಎರರ್' ಎಂದು ಲೆಕ್ಕವಿಟ್ಟು ತೋರಿಸುತ್ತವೆ. ಹಳೆಯ ಅನಲಾಗ್ ಟಿವಿಯಲ್ಲಿ ಸಿಗ್ನಲ್ ಕುಗ್ಗಿದಂತೆ ಚುಕ್ಕಿಗಳು ಹೆಚ್ಚುತ್ತ ಹೋದರೂ ಮುಖ ಗುರುತು ಸಿಗುತ್ತಿತ್ತು. ಡಿಜಿಟಲ್‌ಗೆ ಆ ಕರುಣೆ ಇಲ್ಲ. ಅಮೆರಿಕದ ಎಟಿಎಸ್‌ಸಿ ಪ್ರಸಾರದಲ್ಲಿ ಸಿಗ್ನಲ್ ಗದ್ದಲಕ್ಕಿಂತ ಸುಮಾರು 15 ಡೆಸಿಬೆಲ್ ಮೇಲಿರುವವರೆಗೆ ಚಿತ್ರ ನಿಚ್ಚಳ. ಅದಕ್ಕಿಂತ ಸ್ವಲ್ಪ ಕೆಳಗಿಳಿದರೆ ಏನೂ ಇಲ್ಲ. ಒಂದು ತಂತಿಯನ್ನು ಎರಡಾಗಿ ಕವಲೊಡೆಸುವ ಸ್ಪ್ಲಿಟರ್ ಸುಮಾರು 3.5 ಡೆಸಿಬೆಲ್ ನುಂಗುವುದರಿಂದ, ಅಂಚಿನಲ್ಲಿದ್ದ ಚಾನೆಲ್ ಅದೊಂದರಿಂದಲೇ ಮಾಯವಾಗಬಹುದು. ಪ್ರಸಾರ ಗೋಪುರದ ಬಳಿ ಇರುವವರ ಕಷ್ಟ ಇದಕ್ಕೆ ತದ್ವಿರುದ್ಧ. ಅಲ್ಲಿ ಸಿಗ್ನಲ್ ಅತಿಯಾಗಿ ಟ್ಯೂನರ್ ತಬ್ಬಿಬ್ಬಾಗುತ್ತದೆ. ಹಾಗಿರುವಾಗ ಬೂಸ್ಟರ್ ಕೊಂಡು ಹಾಕಿದರೆ ರೋಗ ಉಲ್ಬಣಿಸುತ್ತದೆ. ಬೂಸ್ಟರ್ ಇದ್ದರೆ ತೆಗೆಯುವುದೇ ಮದ್ದು.

ಚಾನೆಲ್ ಸ್ಥಳ ಬದಲಿಸಿದ್ದೂ ಕಾರಣವಿರಬಹುದು. 2017ರ ತರಂಗಾಂತರ ಹರಾಜಿನ ಬಳಿಕ ಅಮೆರಿಕದ ಅನೇಕ ಟಿವಿ ಕೇಂದ್ರಗಳು 2020ರವರೆಗೆ ಹಂತಹಂತವಾಗಿ ಬೇರೆ ತರಂಗಾಂತರಕ್ಕೆ ಹೋದವು. ಪರದೆಯ ಮೇಲಿನ ಚಾನೆಲ್ ಸಂಖ್ಯೆ ಮಾತ್ರ ಹಾಗೇ ಉಳಿಯಿತು. ಕಂಪ್ಯೂಟರು ಹಳೆಯ ವಿಳಾಸದಲ್ಲೇ ಬಾಗಿಲು ಬಡಿಯುತ್ತ 'ಸಿಗ್ನಲ್ ಇಲ್ಲ' ಎನ್ನುತ್ತಿತ್ತು. ಚಾನೆಲ್‌ಗಳನ್ನು ಹೊಸದಾಗಿ ಹುಡುಕಿಸಿದರೆ ಇದು ಸರಿಹೋಗುತ್ತದೆ.

ಭಾರತದಲ್ಲಿ ಇತಿಹಾಸ ಬೇರೆ. ಕೇಬಲ್ ಅನಲಾಗ್ ಆಗಿದ್ದ ಕಾಲದಲ್ಲಿ ಇಲ್ಲಿ ಮಾರಾಟವಾದ ಟಿವಿ ಟ್ಯೂನರ್ ಕಾರ್ಡುಗಳಿಗೆ ಕೇಬಲಿನ ತಂತಿಯನ್ನು ನೇರವಾಗಿ ಸಿಕ್ಕಿಸಿದರೆ ಸಾಕಿತ್ತು. ಡಿಜಿಟಲೀಕರಣದ ಎರಡನೇ ಹಂತದಲ್ಲಿ ಬೆಂಗಳೂರು, ಮೈಸೂರು ಸೇರಿ 38 ನಗರಗಳಿಗೆ 2013ರ ಮಾರ್ಚ್ 31ರ ಗಡುವು ಇತ್ತು. ಆಮೇಲೆ ಕೇಬಲಿನಲ್ಲಿ ಬರುವುದು ಗೂಢಲಿಪಿಯ ಡಿಜಿಟಲ್ ಸಿಗ್ನಲ್. ಅದೇ ಕಾರ್ಡು ಎಷ್ಟು ಹುಡುಕಿದರೂ ಒಂದು ಚಾನೆಲ್ಲೂ ಸಿಗದು. ಕಾರ್ಡು ಕೆಟ್ಟಿಲ್ಲ. ಸೆಟ್-ಟಾಪ್ ಬಾಕ್ಸಿನ ಹಳದಿ ಎವಿ ತಂತಿಯನ್ನು ಅದಕ್ಕೆ ಜೋಡಿಸಿದರೆ ಈಗಲೂ ಚಿತ್ರ ಬರುತ್ತದೆ, ಚಾನೆಲ್ ಬದಲಿಸುವ ಕೆಲಸವನ್ನು ಬಾಕ್ಸಿನ ರಿಮೋಟಿಗೇ ಬಿಡಬೇಕು. ಚಂದನ ವಾಹಿನಿಯೂ ಸಿಗುವ ದೂರದರ್ಶನದ ಫ್ರೀ ಡಿಶ್ ಅನ್ನು ಉಪಗ್ರಹ ಟ್ಯೂನರಿನಿಂದ ಕಂಪ್ಯೂಟರಿಗೆ ತರುವವರು ವಿದ್ಯುತ್ತನ್ನು ಗಮನಿಸಬೇಕು. ಡಿಶ್ಶಿನ ಮೂತಿಯಲ್ಲಿರುವ ಎಲ್‌ಎನ್‌ಬಿಗೆ ಟ್ಯೂನರೇ 13 ಅಥವಾ 18 ವೋಲ್ಟ್ ಕಳುಹಿಸಬೇಕು. ಯುಎಸ್‌ಬಿ ಕೊಡುವುದು ಸಾಮಾನ್ಯವಾಗಿ 5 ವೋಲ್ಟ್. ಪ್ರತ್ಯೇಕ ಅಡಾಪ್ಟರ್ ಸಿಕ್ಕಿಸಲು ಮರೆತರೆ ಎಲ್ಲವೂ ಸರಿಯಿದ್ದಂತೆ ಕಂಡು ಸಿಗ್ನಲ್ ಮಾತ್ರ ಸೊನ್ನೆ. ಇನ್ನು ಮುಂಗಾರಿನ ಜಡಿಮಳೆಯಲ್ಲಿ ಡಿಶ್ ಬಳಸುವ ಕೆಯು ಬ್ಯಾಂಡ್ ತರಂಗಗಳ ಚಿತ್ರ ಹೋದರೆ ಮಳೆ ನಿಲ್ಲುವವರೆಗೆ ಕಾಯುವುದೇ ಸರಿ.

ಬೆಳಗ್ಗೆ ನಿದ್ದೆಯಿಂದ ಎಬ್ಬಿಸಿದ ಕಂಪ್ಯೂಟರಿಗೆ ಟ್ಯೂನರೇ ಕಾಣದಿದ್ದರೆ ಯುಎಸ್‌ಬಿಯ ವಿದ್ಯುತ್ ಉಳಿತಾಯವನ್ನು ಅನುಮಾನಿಸಬೇಕು.

ಎರಡನೆಯ ಬಗೆ, ಅಂದರೆ ಡಿಸ್ಕಿನಿಂದ ಈಚಿನದು. ವಿಂಡೋಸ್ ಎಕ್ಸ್‌ಪಿಯಲ್ಲಿ ಟಿವಿ ಚಿತ್ರವನ್ನು ಬಿಡಿಸುವ ಎಂಪೆಗ್-2 ಡಿಕೋಡರ್ ಇರಲಿಲ್ಲ. ಡಿವಿಡಿ ತಂತ್ರಾಂಶದ ಜತೆ ಅದು ಬರುತ್ತಿತ್ತು. ಆ ತಂತ್ರಾಂಶ ತೆಗೆದ ದಿನ ಟಿವಿಯೂ ಹೋಗುತ್ತಿತ್ತು. ಅಮೆರಿಕದ ಹೊಸ ಎಟಿಎಸ್‌ಸಿ 3.0 ಪ್ರಸಾರದಲ್ಲಿ ಚಿತ್ರ ಚೆನ್ನಾಗಿದ್ದು ದನಿ ಬಾರದಿದ್ದರೆ ಎಸಿ-4 ಎಂಬ ಧ್ವನಿರೂಪವನ್ನು ತಂತ್ರಾಂಶ ಅರಿಯದಿರುವುದು ಕಾರಣ. ನಮ್ಮ ಕಡೆಯ ನೋಡುಗರು ಹೇಳುವ 'ಚಿತ್ರ ಜಗ್ಗುತ್ತದೆ' ಎಂಬ ದೂರಿಗೆ ಹಲವು ವೇಳೆ ದೋಷವೇ ಕಾರಣವಲ್ಲ. ಭಾರತದ ಪ್ರಸಾರ ಸೆಕೆಂಡಿಗೆ 50 ಅರೆಚಿತ್ರಗಳ ಲೆಕ್ಕದ್ದು, ಮಾನಿಟರ್ ಸಾಮಾನ್ಯವಾಗಿ 60 ಸಲ ತಾಜಾ ಆಗುವಂಥದು. ಎರಡೂ ತಾಳ ತಪ್ಪಿದಾಗ ಪರದೆಯ ಕೆಳಗೆ ಓಡುವ ಸುದ್ದಿಪಟ್ಟಿ ಮುಗ್ಗರಿಸುತ್ತದೆ. ಮಾನಿಟರಿನಲ್ಲಿ 50 ಹರ್ಟ್ಸ್ ಆಯ್ಕೆ ಇದ್ದರೆ ಅದಕ್ಕೆ ಬದಲಿಸಿ ನೋಡಬಹುದು.

ಕಪ್ಪು ಪರದೆಯ ಹಿಂದೆ ಹಲವೊಮ್ಮೆ ಇರುವುದು ಹಕ್ಕುಸ್ವಾಮ್ಯದ ಕಾವಲು. ಕೇಬಲ್ ಚಾನೆಲ್‌ಗಳ ಗೂಢಲಿಪಿ ಬಿಡಿಸುವ ಕೇಬಲ್ ಕಾರ್ಡ್ ಬಳಸುತ್ತಿದ್ದ ಅಮೆರಿಕನ್ನರು 'ಒಂದೇ ಪ್ರತಿ' ಎಂಬ ಗುರುತು ಹೊತ್ತ ಚಾನೆಲ್ ಹಾಕಿದಾಗ, ಗ್ರಾಫಿಕ್ಸ್ ಕಾರ್ಡಿನಿಂದ ಮಾನಿಟರಿನವರೆಗೆ ಎಚ್‌ಡಿಸಿಪಿ ರಕ್ಷಣೆ ಇರಬೇಕಿತ್ತು. ಹಳೆಯ ವಿಜಿಎ ತಂತಿಗೆ ಆ ರಕ್ಷಣೆಯೇ ಇಲ್ಲ. ಆಂಟೆನಾ ಅಲುಗಾಡಿಸಿ ಇದನ್ನು ಸರಿಪಡಿಸಲಾಗದು.

ಅಂತರ್ಜಾಲದ ನೇರ ಪ್ರಸಾರದಲ್ಲಿ ಟ್ಯೂನರ್ ಇಲ್ಲ, ಹಿಂದಕ್ಕೆ ಓಡಿಸುವ ಪರೀಕ್ಷೆಯೂ ಪೂರ್ತಿ ನಂಬಲರ್ಹವಲ್ಲ. ಹಿಂದೆ ಸರಿದಾಗ ಪ್ಲೇಯರ್ ತಂತ್ರಾಂಶ ವಿಡಿಯೊ ತುಣುಕುಗಳನ್ನು ಹೊಸದಾಗಿ ತರಿಸಿಕೊಂಡೀತು. ವೈಫೈ ಬದಲು ತಂತಿ ಹಾಕಿ ನೋಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಎಲ್ಲರಿಗೂ ಹೊಳೆಯದ್ದು ಗಡಿಯಾರ. ವಿಡಿಯೊವನ್ನು ಚಿಕ್ಕ ತುಣುಕುಗಳಾಗಿ ಕಳುಹಿಸುವ ಡ್ಯಾಶ್ ಪದ್ಧತಿಯ ಪ್ರಸಾರದಲ್ಲಿ ಈಗ ಯಾವ ತುಣುಕು ಸಿದ್ಧವಾಗಿದೆ ಎಂಬುದನ್ನು ಗಡಿಯಾರದ ಸಮಯದಿಂದಲೇ ಲೆಕ್ಕ ಹಾಕುವುದುಂಟು. ಕಂಪ್ಯೂಟರಿನ ಗಡಿಯಾರ ಒಂದು ನಿಮಿಷ ಮುಂದಿದ್ದರೆ ಅದು ಇನ್ನೂ ತಯಾರಾಗದ ತುಣುಕನ್ನು ಕೇಳಿ '404', ಅಂದರೆ 'ಸಿಗಲಿಲ್ಲ', ಎಂಬ ಉತ್ತರ ಪಡೆಯಬಹುದು. ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಸತ್ತ ಹಳೆಯ ಯಂತ್ರಗಳಲ್ಲಿ, ಪ್ರತಿ ಸಲ ಆನ್ ಮಾಡಿದಾಗಲೂ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗಿ, ಪ್ರಸಾರದ ತಾಣವೇ ತೆರೆಯದೆ ಭದ್ರತಾ ಎಚ್ಚರಿಕೆ ತೋರಿಸುತ್ತದೆ.